ಸಿಗ್ನಲ್ ಫುಲ್ ಇದೆ, ನೆಟ್ ಬರ್ತಿಲ್ಲ: ದೊಡ್ಡ ಸಮ್ಮೇಳನದ ವೈಫೈ ಎಲ್ಲಿ ಕೆಡುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಪ್ರತಿ ವರ್ಷ ಎರಡು ದಿನದ ಸಾಫ್ಟ್‌ವೇರ್ ಸಮ್ಮೇಳನ ನಡೆಸುವ ತಂಡದಲ್ಲಿ ನಾನಿದ್ದೇನೆ. ಹೋದ ಸಲ 1,200 ಜನ ಬಂದಿದ್ದರು. 1 ಜಿಬಿಪಿಎಸ್ ಲೈನ್ ಹಾಕಿಸಿದ್ದೆವು, ಹಾಲ್‌ನಲ್ಲಿ 8 ಆಕ್ಸೆಸ್ ಪಾಯಿಂಟ್ (ವೈಫೈ ಬಿತ್ತರಿಸುವ ಪೆಟ್ಟಿಗೆ) ಇದ್ದವು. ಸ್ಪೀಕರ್‌ಗಳಿಗೆ, ಸ್ವಯಂಸೇವಕರಿಗೆ, ಪ್ರಾಯೋಜಕರಿಗೆ, ಪ್ರತಿನಿಧಿಗಳಿಗೆ ಒಂದೊಂದು, ಹಾಲ್‌ನವರದು ಇನ್ನೊಂದು ಎಂದು ಒಟ್ಟು ಐದು ವೈಫೈ ಹೆಸರು. ಹಿಂದಿನ ಸಂಜೆ ಖಾಲಿ ಹಾಲ್‌ನಲ್ಲಿ ನೋಡಿದಾಗ ಮೂಲೆಮೂಲೆಯಲ್ಲೂ ಚೆನ್ನಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಮೊದಲ ಭಾಷಣ ಶುರುವಾಗಿದ್ದೇ ತಡ, ಸತ್ತುಹೋಯಿತು. ಫೋನಿನಲ್ಲಿ ಸಿಗ್ನಲ್ ಫುಲ್, ಪುಟ ಮಾತ್ರ ತೆರೆಯುವುದಿಲ್ಲ. ಲೈನಿನ ಗ್ರಾಫ್ 60 ಎಂಬಿಪಿಎಸ್ ಕೂಡ ದಾಟಿರಲಿಲ್ಲ. ಪವರ್ ಪೂರ್ತಿ ಏರಿಸಿದೆವು, ಇನ್ನೂ 6 ಆಕ್ಸೆಸ್ ಪಾಯಿಂಟ್ ತರಿಸಿ ಹಾಕಿದೆವು, ಇನ್ನಷ್ಟು ಕೆಟ್ಟಿತು. ಊಟದ ಹೊತ್ತಿಗೆ ತಾನಾಗಿಯೇ ಸರಿಹೋಯಿತು. ಕೆಲವರಿಗೆ ಲಾಗಿನ್ ಓಟಿಪಿಯೇ ಬರಲಿಲ್ಲ. ಎರಡನೇ ದಿನ ಕರೆಂಟ್ ಹೋಗಿ ಜನರೇಟರ್ ಶುರುವಾದ ಮೇಲೆ ಬಹಳ ಜನಕ್ಕೆ 169.254 ಎಂದು ಆರಂಭವಾಗುವ ಅಡ್ರೆಸ್ ಬಂತು. ಈ ಸಲ 1,500 ಜನ ಬರಬಹುದು. 2 ಜಿಬಿಪಿಎಸ್ ತೆಗೆದುಕೊಂಡರೆ ಸಾಕೇ?

ಉತ್ತರ:

2 ಜಿಬಿಪಿಎಸ್‌ಗೆ ದುಡ್ಡು ಹಾಕಬೇಡಿ. 1,000 ಎಂಬಿಪಿಎಸ್ ಇರುವಲ್ಲಿ 60 ಕೂಡ ಹರಿಯಲಿಲ್ಲ ಎಂದು ನೀವೇ ಬರೆದಿದ್ದೀರಿ. ಮೇಲಿನ ಟ್ಯಾಂಕ್ ತುಂಬಿದೆ, ನಲ್ಲಿ ಕಟ್ಟಿಕೊಂಡಿದೆ. ಇನ್ನೊಂದು ಟ್ಯಾಂಕ್ ಕೂರಿಸಿ ಏನು ಮಾಡುತ್ತೀರಿ?

ನಿಮ್ಮ ಪತ್ರ ಓದಿ ಖುಷಿಯಾಯಿತು. ಸಾಮಾನ್ಯವಾಗಿ ನನಗೆ ಬರುವ ದೂರು ‘ವೈಫೈ ಸರಿ ಇರಲಿಲ್ಲ’ ಎಂಬ ಒಂದೇ ಸಾಲು. ನೀವು ಲಕ್ಷಣಗಳನ್ನೆಲ್ಲ ಬರೆದಿದ್ದೀರಿ. ಅವನ್ನು ಜೋಡಿಸಿ ನೋಡಿದರೆ ನಿಮಗೆ ಬಂದಿದ್ದು ಒಂದು ಕಾಯಿಲೆಯಲ್ಲ, ಮೂರು. ಬೆಳಿಗ್ಗೆ ಹತ್ತರದ್ದು ಗಾಳಿಯಲ್ಲಿ ಆದದ್ದು. ಓಟಿಪಿಯದು ಬೇರೆ. ಎರಡನೇ ದಿನದ್ದು ಅಡ್ರೆಸ್ ಹಂಚುವ ಕಡೆ ಆದದ್ದು. ಕುರ್ಚಿಯಲ್ಲಿ ಕೂತವರಿಗೆ ಮೂರೂ ಒಂದೇ ಥರ ಕಾಣುತ್ತವೆ, ಔಷಧ ಮಾತ್ರ ಬೇರೆ ಬೇರೆ.

ಮೊದಲನೆಯದೇ ದೊಡ್ಡದು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೈಫೈಯ ಒಂದು ಚಾನೆಲ್ ಅಂದರೆ ಒಂದೇ ಮೈಕ್ ಇರುವ ಗ್ರಾಮಸಭೆ. ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಆಕ್ಸೆಸ್ ಪಾಯಿಂಟಿಗೂ ಅದೇ ಮೈಕ್, ನಿಮ್ಮ ಫೋನಿಗೂ ಅದೇ, ಪಕ್ಕದ ಕೋಣೆಯಿಂದ ಅದೇ ಚಾನೆಲ್‌ನಲ್ಲಿ ಕೇಳಿಸುವ ಇನ್ನೊಂದು ಆಕ್ಸೆಸ್ ಪಾಯಿಂಟಿಗೂ ಅದೇ. ಬಾಯಿ ತೆರೆಯುವ ಮುಂಚೆ ಪ್ರತಿಯೊಬ್ಬರೂ ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲ ಎಂದು ಖಚಿತಮಾಡಿಕೊಳ್ಳಬೇಕು. ಇಬ್ಬರು ಒಟ್ಟಿಗೆ ಶುರುಮಾಡಿದರೆ ಇಬ್ಬರ ಮಾತೂ ಹಾಳು. ಸ್ವಲ್ಪ ಕಾದು ಮತ್ತೆ ಹೇಳಬೇಕು. ಹಾಗಾಗಿ ನೀವು ಎಣಿಸಬೇಕಾದ್ದು ಎಂಬಿಪಿಎಸ್ ಅಲ್ಲ, ಮೈಕ್ ಯಾರ ಕೈಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು. ನಮ್ಮ ಕಡೆಯವರು ಇದನ್ನು ಏರ್‌ಟೈಮ್ ಅನ್ನುತ್ತಾರೆ.

ಈಗ ನಿಮ್ಮ ಐದು ಹೆಸರುಗಳಿಗೆ ಬರೋಣ. ಪ್ರತಿ ಆಕ್ಸೆಸ್ ಪಾಯಿಂಟ್ ತನ್ನ ಪ್ರತಿ ಹೆಸರನ್ನೂ ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗಿ ಹೇಳುತ್ತಿರುತ್ತದೆ; ಲೆಕ್ಕ ಪಕ್ಕಾ ಬೇಕೆಂದರೆ 102.4 ಮಿಲಿಸೆಕೆಂಡಿಗೊಮ್ಮೆ. ಇದಕ್ಕೆ ಬೀಕನ್ ಎಂದು ಹೆಸರು. ಎಲ್ಲರಿಗೂ ಕೇಳಿಸಬೇಕಲ್ಲ, ಅದಕ್ಕೆ ಅನುಮತಿಸಿದ ಅತಿ ನಿಧಾನದ ವೇಗದಲ್ಲೇ ಕೂಗುತ್ತದೆ. ವೈಫೈಯ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ ಆ ವೇಗ 1 ಎಂಬಿಪಿಎಸ್. ಒಂದು ಬೀಕನ್ 300 ಬೈಟ್ ಎಂದುಕೊಳ್ಳಿ: 2,400 ಬಿಟ್, ಅಂದರೆ 2.4 ಮಿಲಿಸೆಕೆಂಡು, ಮುಂದಿನ ಪೀಠಿಕೆ ಸೇರಿ 2.6. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ನಿಮ್ಮ 8 ಆಕ್ಸೆಸ್ ಪಾಯಿಂಟ್ ಮೂರು ಚಾನೆಲ್‌ಗೆ ಹಂಚಿದರೆ ಒಂದರಲ್ಲಿ ಮೂರು ಬೀಳುತ್ತವೆ. ಮೂರು ಆಕ್ಸೆಸ್ ಪಾಯಿಂಟ್, ಐದೈದು ಹೆಸರು: ಸೆಕೆಂಡಿಗೆ 146 ಕೂಗು, 380 ಮಿಲಿಸೆಕೆಂಡು. ಯಾರೂ ಒಂದು ಪುಟ ತೆರೆಯುವ ಮುಂಚೆಯೇ ಮೈಕ್‌ನ ಶೇ. 38ರಷ್ಟು ಹೊತ್ತು ‘ನಾನಿದ್ದೇನೆ, ನಾನಿದ್ದೇನೆ’ ಎನ್ನುವುದರಲ್ಲೇ ಮುಗಿಯಿತು.

ಆಮೇಲೆ ನೀವು ಇನ್ನೂ 6 ತಂದಿರಿ. ಒಟ್ಟು 14. ಈಗ ಒಂದು ಚಾನೆಲ್‌ಗೆ ಐದು. ಐದು ಗುಣಿಸು ಐದು, ಸೆಕೆಂಡಿಗೆ 244 ಕೂಗು, ಸುಮಾರು 630 ಮಿಲಿಸೆಕೆಂಡು. ಶೇ. 63 ಹೋಯಿತು. ಉಳಿದ ಚೂರಿನಲ್ಲಿ ಸಾವಿರದ ಇನ್ನೂರು ಜನ. ಇನ್ನಷ್ಟು ಕೆಟ್ಟಿದ್ದು ಯಾಕೆ ಎಂಬುದಕ್ಕೆ ಉತ್ತರ ಈ ಗುಣಾಕಾರದಲ್ಲೇ ಇದೆ. ಪವರ್ ಪೂರ್ತಿ ಏರಿಸಿದ್ದರಿಂದ ಎಲ್ಲ ಆಕ್ಸೆಸ್ ಪಾಯಿಂಟೂ ಒಂದಕ್ಕೊಂದು ಸ್ಪಷ್ಟವಾಗಿ ಕೇಳಿಸತೊಡಗಿತು. ಮೊದಲು ದೂರದ್ದೆರಡು ಪರಸ್ಪರ ಕೇಳಿಸದೆ ಒಟ್ಟೊಟ್ಟಿಗೆ ಮಾತಾಡಿಕೊಳ್ಳುವ ಸಾಧ್ಯತೆಯಾದರೂ ಇತ್ತು, ಅದನ್ನೂ ಕಳೆದುಕೊಂಡಿರಿ.

ಪವರ್ ವಿಷಯ ಬಂತಲ್ಲ, ‘ಸಿಗ್ನಲ್ ಫುಲ್, ನೆಟ್ ಇಲ್ಲ’ ಅಂದರೇನು ಎಂದೂ ಹೇಳಿಬಿಡುತ್ತೇನೆ. ಫೋನಿನ ಮೇಲೆ ಕಾಣುವ ಗೆರೆಗಳು ಆಕ್ಸೆಸ್ ಪಾಯಿಂಟಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ ಹೇಳುತ್ತವೆ. ನಿಮ್ಮ ದನಿ ಅದಕ್ಕೆ ಕೇಳುತ್ತಿದೆಯೇ ಎಂಬುದನ್ನಲ್ಲ. ಫೋನಿನ ರೇಡಿಯೊ ಪುಟ್ಟದು, ಬ್ಯಾಟರಿ ಉಳಿಸಬೇಕು, ಮೇಲಿಂದ ಕೈಯಲ್ಲಿ ಹಿಡಿದಿರುತ್ತೀರಿ. ಆಕ್ಸೆಸ್ ಪಾಯಿಂಟ್ ಧ್ವನಿವರ್ಧಕದಲ್ಲಿ ಕೂಗುತ್ತಿದೆ, ಫೋನ್ ಪಿಸುಗುಡುತ್ತಿದೆ. ಒಂದೇ ಕಡೆ ಪವರ್ ಏರಿಸಿದರೆ ಆ ಪಿಸುಮಾತು ಜೋರಾಗುವುದಿಲ್ಲ. ಗೆರೆಗಳು ಇನ್ನೂ ಚೆಂದ ಕಾಣುತ್ತವೆ, ಅಷ್ಟೇ.

ಇದರ ಮೇಲೆ ಇನ್ನೊಂದು ಕುತ್ತು. ಉತ್ತರ ಬರದಿದ್ದರೆ ಫೋನ್ ಏನೆಂದುಕೊಳ್ಳುತ್ತದೆ? ‘ನಾನು ದೂರದಲ್ಲಿದ್ದೇನೆ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಬೇಕು’ ಎಂದು. ನಿಜವಾದ ಕಾರಣ ದೂರವಲ್ಲ, ಗದ್ದಲ. ವೇಗ ಇಳಿಸಿದಷ್ಟೂ ಅದು ಮೈಕ್ ಹಿಡಿಯುವ ಹೊತ್ತು ಹೆಚ್ಚುತ್ತದೆ. 1,500 ಬೈಟಿನ ಪ್ಯಾಕೆಟ್ 54 ಎಂಬಿಪಿಎಸ್‌ನಲ್ಲಿ ಕಾಲು ಮಿಲಿಸೆಕೆಂಡಿನೊಳಗೆ ಹೋದರೆ 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡು ಬೇಕು. ಆ 12 ಮಿಲಿಸೆಕೆಂಡು ಮಿಕ್ಕವರೆಲ್ಲ ಬಾಯಿಮುಚ್ಚಿ ಕಾಯಬೇಕು. ಕಾದು ಕಾದು ಒಟ್ಟಿಗೇ ಮುನ್ನುಗ್ಗಿ ಡಿಕ್ಕಿ, ಡಿಕ್ಕಿಯಾದವರು ಮತ್ತೆ ವೇಗ ಇಳಿಸುವುದು, ಮತ್ತಷ್ಟು ಕಾಯುವುದು. ಇದು ಊಹೆಯ ಮಾತಲ್ಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವ ಐಇಟಿಎಫ್ ಸಂಸ್ಥೆಯ 62ನೇ ಸಭೆ 2005ರ ಮಾರ್ಚ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾದ ಸಂಶೋಧಕರು ಅಲ್ಲಿನ ಗಾಳಿಯನ್ನು ಹಿಡಿದು ಅಳೆದರು. ಚಾನೆಲ್ ತುಂಬುತ್ತಾ ಹೋದಂತೆ ಒಟ್ಟು ಹರಿವು ಏರುತ್ತದೆ, ಬಳಕೆ ಶೇ. 84 ದಾಟಿದ ಮೇಲೆ ಅದು ಅಲ್ಲೇ ನಿಲ್ಲುವುದಿಲ್ಲ, ಕೆಳಗೆ ಕುಸಿಯುತ್ತದೆ. ನೆನಪಿಡಿ, ಇಂಟರ್ನೆಟ್ ಕಟ್ಟಿದವರೇ ಸೇರಿದ್ದ ಸಭೆ ಅದು.

ಖಾಲಿ ಹಾಲ್‌ನಲ್ಲಿ ಚೆನ್ನಾಗಿದ್ದದ್ದು, ಊಟದ ಹೊತ್ತಿಗೆ ಸರಿಹೋದದ್ದು, ಈ ಎರಡರ ಅರ್ಥವೂ ಈಗ ಹೊಳೆದಿರಬೇಕು. ಊಟಕ್ಕೆ ಜನ ಹೊರಗೆ ಹೋದರು, ಮೈಕ್ ಬಿಡುವಾಯಿತು. ನೀವು ಆ ಹೊತ್ತಿಗೆ ಮಾಡಿದ ಯಾವುದೋ ಬದಲಾವಣೆಯಿಂದ ಸರಿಹೋಯಿತು ಎಂದು ಮಾತ್ರ ನಂಬಬೇಡಿ. ಮಧ್ಯಾಹ್ನ ಎರಡಕ್ಕೆ ಆ ನಂಬಿಕೆ ಮುರಿಯುತ್ತದೆ.

ಹಾಗಾದರೆ ಈ ಸಲ ಏನು ಮಾಡುವುದು? ಮೊದಲು ಹೆಸರುಗಳನ್ನು ಐದರಿಂದ ಎರಡಕ್ಕೆ ಇಳಿಸಿ. ಪ್ರಾಯೋಜಕರು ತಮ್ಮ ಕಂಪನಿ ಹೆಸರಿನ ವೈಫೈ ಬೇಕು ಎಂದು ಹಟ ಹಿಡಿದರೆ, ಎಲ್ಲರೂ ಬಳಸುವ ವೈಫೈಗೇ ಅವರ ಹೆಸರಿಡಿ; ದುಡ್ಡೂ ಬರುತ್ತದೆ, ಗಾಳಿಯೂ ಉಳಿಯುತ್ತದೆ. ಹಾಲ್‌ನವರ ಸ್ವಂತ ವೈಫೈಯನ್ನು ಆ ಎರಡು ದಿನ ಆರಿಸಿಡುವಂತೆ ಬಾಡಿಗೆ ಕರಾರಿನಲ್ಲೇ ಬರೆಸಿ, ಬಾಯಿಮಾತು ಸಾಲದು. ಎರಡನೆಯದು, ನಿಧಾನದ ವೇಗಗಳನ್ನು ಮುಚ್ಚಿ. 1, 2, 5.5, 11 ಇವೆಲ್ಲ 1990ರ ದಶಕದ ಉಪಕರಣಗಳಿಗೆಂದು ಉಳಿಸಿಕೊಂಡವು. ಕನಿಷ್ಠ ವೇಗ 12 ಎಂಬಿಪಿಎಸ್ ಎಂದು ಕಟ್ಟಿ. ಅದೇ 300 ಬೈಟಿನ ಬೀಕನ್ ಈಗ 0.22 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಮೂರನೆಯದು, 2.4 ಗಿಗಾಹರ್ಟ್ಸ್ ಅನ್ನು ಒಟ್ಟು ಮೂರೇ ಆಕ್ಸೆಸ್ ಪಾಯಿಂಟಿನಲ್ಲಿ ಹಚ್ಚಿ, ಚಾನೆಲ್‌ಗೊಂದು, ಉಳಿದವುಗಳಲ್ಲಿ ಅದನ್ನು ಬಂದ್ ಮಾಡಿ. ಈಗ ಲೆಕ್ಕ ಹಾಕಿ: ಒಂದು ಚಾನೆಲ್‌ನಲ್ಲಿ ಒಂದೇ ಆಕ್ಸೆಸ್ ಪಾಯಿಂಟ್, ಎರಡು ಹೆಸರು, ಸೆಕೆಂಡಿಗೆ 20 ಕೂಗು, 4.4 ಮಿಲಿಸೆಕೆಂಡು. ಶೇ. 63 ಇದ್ದದ್ದು ಶೇ. 0.5ಕ್ಕಿಂತ ಕೆಳಗೆ ಬಂತು. ಒಂದು ರೂಪಾಯಿ ಖರ್ಚಿಲ್ಲ.

ಜನರನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿ. 2018ರಲ್ಲಿ ಭಾರತ ಸರ್ಕಾರ ಈ ತರಂಗಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ಜಾಗವನ್ನು ಹಿಗ್ಗಿಸಿದ ಮೇಲೆ ನಮಗೆ 20 ಮೆಗಾಹರ್ಟ್ಸ್ ಅಗಲದ 25ರಷ್ಟು ಚಾನೆಲ್ ಸಿಗುತ್ತವೆ. ಇಲ್ಲೇ ಬಹಳ ಜನ ಎಡವುವುದು. ಡಬ್ಬಿ ಬಿಚ್ಚಿ ಹಚ್ಚಿದ ಆಕ್ಸೆಸ್ ಪಾಯಿಂಟ್ ಸಾಮಾನ್ಯವಾಗಿ 80 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಂಡಿರುತ್ತದೆ, ಏಕೆಂದರೆ ಸ್ಪೀಡ್ ಟೆಸ್ಟಿನಲ್ಲಿ ಅಂಕಿ ದೊಡ್ಡದಾಗಿ ಕಾಣಬೇಕು. 80ರಂತೆ ಹಂಚಿದರೆ ಆರೇ ಚಾನೆಲ್. ಮನೆಗೆ ಅದು ಸರಿ. ಸಾವಿರ ಜನರ ಹಾಲ್‌ಗೆ ನಿಮಗೆ ಬೇಕಾದ್ದು ಒಂದು ಅಗಲದ ರಸ್ತೆಯಲ್ಲ, ಇಪ್ಪತ್ತು ಓಣಿ. 20 ಮೆಗಾಹರ್ಟ್ಸ್‌ಗೆ ಇಳಿಸಿ, 20 ಆಕ್ಸೆಸ್ ಪಾಯಿಂಟನ್ನು 20 ಬೇರೆ ಬೇರೆ ಚಾನೆಲ್‌ನಲ್ಲಿ ಕೂರಿಸಿ. 1,500 ಉಪಕರಣ ಒಟ್ಟಿಗೆ ಬಂದರೂ ತಲೆಗೆ 75. ಅದು ಸಹಿಸಬಹುದಾದ ಲೆಕ್ಕ.

ಈ ಚಾನೆಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ರೇಡಾರ್ ಜೊತೆ ಹಂಚಿಕೊಂಡವು. ರೇಡಾರಿನ ಸದ್ದು ಕೇಳಿಸಿತೆಂದರೆ ಆಕ್ಸೆಸ್ ಪಾಯಿಂಟ್ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಿ, ಅರ್ಧ ಗಂಟೆ ಅತ್ತ ತಲೆ ಹಾಕಬಾರದು. ಕೆಲವೊಮ್ಮೆ ರೇಡಾರ್ ಇಲ್ಲದಿದ್ದರೂ ಬೆಚ್ಚಿಬಿದ್ದು ಎದ್ದುಹೋಗುವುದುಂಟು. ಅದಕ್ಕೆ ಹೆದರಿ ಆ ಚಾನೆಲ್‌ಗಳನ್ನೇ ಬಿಡಬೇಡಿ. ಎರಡು ದಿನ ಮೊದಲೇ ಒಂದು ಆಕ್ಸೆಸ್ ಪಾಯಿಂಟನ್ನು ಹಾಲ್‌ನಲ್ಲಿಟ್ಟು ಲಾಗ್ ನೋಡಿ, ಯಾವ ಚಾನೆಲ್‌ನಲ್ಲಿ ಪದೇ ಪದೇ ಎದ್ದುಹೋಗುತ್ತದೋ ಅದೊಂದನ್ನು ಕೈಬಿಡಿ.

ಆಕ್ಸೆಸ್ ಪಾಯಿಂಟನ್ನು ಎಲ್ಲಿ ಇಡುವುದು? ನಮ್ಮ ಹಾಲ್‌ನವರಿಗೆಲ್ಲ ಚಾವಣಿಯ ಹುಚ್ಚು. ಹತ್ತು ಹನ್ನೆರಡು ಮೀಟರ್ ಎತ್ತರದಲ್ಲಿ ತೂಗುಬಿಟ್ಟರೆ ಎಲ್ಲಕ್ಕೂ ಎಲ್ಲವೂ ಕಾಣುತ್ತದೆ, ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ಕೆಳಗೆ ತನ್ನಿ. ಮನುಷ್ಯನ ಮೈಯೆಂದರೆ ಬಹುಪಾಲು ನೀರು, ನೀರು ಈ ತರಂಗಗಳನ್ನು ಚೆನ್ನಾಗಿ ಹೀರುತ್ತದೆ. ಇದನ್ನು ಎಲ್ಲರೂ ತೊಂದರೆ ಎಂದೇ ಹೇಳುತ್ತಾರೆ. ನನಗೆ ಇದು ಬಿಟ್ಟಿ ಸಿಕ್ಕ ಗೋಡೆ. ಆಕ್ಸೆಸ್ ಪಾಯಿಂಟನ್ನು ಕುರ್ಚಿ ಸಾಲಿನ ಪಕ್ಕ, ಸೊಂಟದೆತ್ತರದಲ್ಲಿ ಅಥವಾ ಸೀಟಿನ ಅಡಿಯಲ್ಲೇ ಇಟ್ಟು ಪವರ್ ತಗ್ಗಿಸಿ. ಸುತ್ತಲ ಕೆಲವು ಸಾಲಿನವರಿಗೆ ಅದು ಕೇಳುತ್ತದೆ. ಅದರಾಚೆಗೆ ಅವರ ಮೈಗಳೇ ತಡೆಯುತ್ತವೆ. ದೊಡ್ಡ ಕ್ರೀಡಾಂಗಣಗಳಲ್ಲಿ ಸೀಟಿನಡಿ ಪೆಟ್ಟಿಗೆ ಕೂರಿಸುವುದು ಇದೇ ಕಾರಣಕ್ಕೆ. ಒಂದು ತೊಡಕಿದೆ: ಖಾಲಿ ಹಾಲ್‌ನಲ್ಲಿ ಈ ಗೋಡೆ ಇರುವುದಿಲ್ಲ. ಹಿಂದಿನ ಸಂಜೆಯ ಪರೀಕ್ಷೆಯಲ್ಲಿ ಕೇಬಲ್, ಅಡ್ರೆಸ್, ಲಾಗಿನ್ ಇವನ್ನು ನೋಡಬಹುದು. ಗಾಳಿಯ ಪರೀಕ್ಷೆ ಮರುದಿನ ಹತ್ತಕ್ಕೇ.

ಜನ ತಮ್ಮದೇ ಹಾಟ್‌ಸ್ಪಾಟ್ ಹಚ್ಚಿಕೊಂಡರೆ? ಹಚ್ಚಿಕೊಳ್ಳುತ್ತಾರೆ. 2010ರ ಜೂನ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟೀವ್ ಜಾಬ್ಸ್ ಐಫೋನ್ 4 ತೋರಿಸುತ್ತಿದ್ದಾಗ ವೇದಿಕೆಯ ಮೇಲೆಯೇ ಪುಟ ತೆರೆಯದೆ ನಿಂತಿತು. ಸಭಾಂಗಣದಲ್ಲಿ 570 ವೈಫೈ ಬೇಸ್ ಸ್ಟೇಷನ್‌ಗಳಿವೆ, ದಯವಿಟ್ಟು ಆರಿಸಿ ಎಂದು ಅವರು ಸಭಿಕರನ್ನು ಕೇಳಿಕೊಳ್ಳಬೇಕಾಯಿತು. ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ‘ಬೇರೆಯವರ ಹಾಟ್‌ಸ್ಪಾಟನ್ನು ಕಡಿದು ಹಾಕು’ ಎಂಬ ಬಟನ್ ಕೆಲವು ದುಬಾರಿ ಉಪಕರಣಗಳಲ್ಲಿ ಇರುತ್ತದೆ, ಅದನ್ನು ಮುಟ್ಟಬೇಡಿ. ಅಮೆರಿಕದ ನ್ಯಾಶ್‌ವಿಲ್‌ನ ಒಂದು ಹೋಟೆಲಿನಲ್ಲಿ ಹೀಗೆ ಮಾಡಿದ್ದಕ್ಕೆ ಮ್ಯಾರಿಯಟ್ 2014ರಲ್ಲಿ 6 ಲಕ್ಷ ಡಾಲರ್ ತೆತ್ತಿತು. ವೇದಿಕೆಯ ಮೇಲಿನ ಲ್ಯಾಪ್‌ಟಾಪಿಗೆ, ವಿಡಿಯೊ ತಂಡಕ್ಕೆ, ನೋಂದಣಿ ಮೇಜಿಗೆ, ಸ್ಟಾಲ್‌ಗಳಿಗೆ ಕೇಬಲ್ ಎಳೆಯಿರಿ. ಕೇಬಲ್‌ಗೆ ಹೋದ ಪ್ರತಿ ಉಪಕರಣ ಗಾಳಿಯಲ್ಲಿ ಒಂದು ಬಾಯಿ ಕಡಿಮೆ ಮಾಡಿದಂತೆ.

ಇನ್ನು ಓಟಿಪಿ. ಇದು ಚಿಕ್ಕದು, ಆದರೆ ಸಿಟ್ಟು ಬರಿಸುವಂಥದ್ದು. ಸಾವಿರ ಜನ ಒಂದೇ ಹಾಲ್‌ಗೆ ಬಂದಾಗ ಅಲ್ಲಿನ ಮೊಬೈಲ್ ಟವರೂ ಏದುಸಿರು ಬಿಡುತ್ತಿರುತ್ತದೆ. ವೈಫೈ ಬೇಕಾಗಿರುವುದೇ ಮೊಬೈಲ್ ನೆಟ್ ಬರದ ಕಾರಣಕ್ಕೆ. ವೈಫೈ ಒಳಗೆ ಹೋಗಲು ಮಾತ್ರ ಮೊಬೈಲ್‌ಗೆ ಎಸ್‌ಎಂಎಸ್ ಬರಬೇಕು! ಕಾಯುತ್ತಿರುವ ಫೋನ್ ಸುಮ್ಮನಿರುವುದೂ ಇಲ್ಲ: ಗಾಳಿಗೆ ಸೇರಿಕೊಂಡು, ಒಂದು ಅಡ್ರೆಸ್ ಹಿಡಿದುಕೊಂಡು, ‘ನೆಟ್ ಬಂತೇ?’ ಎಂದು ತಿರುತಿರುಗಿ ಇಣುಕುತ್ತಿರುತ್ತದೆ. ನಮ್ಮಲ್ಲಿ ಸಾರ್ವಜನಿಕರಿಗೆ ವೈಫೈ ಕೊಡುವಾಗ ಯಾರಿಗೆ ಕೊಟ್ಟಿರಿ ಎಂಬ ಗುರುತು ಇಟ್ಟುಕೊಳ್ಳಬೇಕು, ಆದ್ದರಿಂದ ಓಟಿಪಿಯನ್ನು ಸುಮ್ಮನೆ ಕಿತ್ತುಹಾಕಿ ಎನ್ನಲಾರೆ. ಆದರೆ ನಿಮ್ಮ ಪ್ರತಿನಿಧಿಗಳು ಟಿಕೆಟ್ ಕೊಳ್ಳುವಾಗಲೇ ಹೆಸರು, ಮೊಬೈಲ್ ಕೊಟ್ಟಿರುತ್ತಾರೆ. ಗುರುತಿನ ಕೆಲಸವನ್ನು ಅಲ್ಲೇ ಮುಗಿಸಿ, ಒಬ್ಬೊಬ್ಬರಿಗೆ ಒಂದೊಂದು ಕೋಡ್ ತೆಗೆದು ಬ್ಯಾಡ್ಜಿನ ಹಿಂದೆ ಮುದ್ರಿಸಿ. ಇದಕ್ಕೆ ನಿಮ್ಮ ಇಂಟರ್ನೆಟ್ ಸೇವೆಯವರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಎರಡನೇ ದಿನದ 169.254 ಮಾತ್ರ ತನ್ನ ಹೆಸರನ್ನು ತಾನೇ ಹೇಳಿಕೊಂಡು ಬಂದ ಕಾಯಿಲೆ. ಅಡ್ರೆಸ್ ಕೊಡಿ ಎಂದು ಕೇಳಿ ಕೇಳಿ ಯಾರೂ ಉತ್ತರ ಕೊಡದಿದ್ದಾಗ ಉಪಕರಣ ತನಗೆ ತಾನೇ ಇಟ್ಟುಕೊಳ್ಳುವ ಅಡ್ರೆಸ್ ಅದು. ಎರಡು ಕಾರಣ ಇರಬಹುದು. ಒಂದು, ಅಡ್ರೆಸ್ ಮುಗಿದಿತ್ತು. ಮನೆಯ ರೂಟರಿನ ಅಳತೆಯ ಜಾಲದಲ್ಲಿ ಇರುವುದು 254 ಅಡ್ರೆಸ್. ನಿಮ್ಮ 1,200 ಜನಕ್ಕೆ ಫೋನು, ಲ್ಯಾಪ್‌ಟಾಪ್ ಸೇರಿ 2,400. ಈಗಿನ ಫೋನುಗಳು ಪ್ರತಿ ವೈಫೈ ಹೆಸರಿಗೂ ಒಂದು ಹೊಸ ವೇಷದ ಮ್ಯಾಕ್ ಅಡ್ರೆಸ್ (ಉಪಕರಣದ ಗುರುತಿನ ಸಂಖ್ಯೆ) ತೊಡುತ್ತವೆ, ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಇದೇ ರೂಢಿ. ನಿಮ್ಮ ಐದು ಹೆಸರನ್ನೂ ಒಂದೊಂದು ಸಲ ಮುಟ್ಟಿ ನೋಡಿದವನು, ಎಲ್ಲಕ್ಕೂ ಒಂದೇ ಉಗ್ರಾಣವಿದ್ದರೆ, ಐದು ಅಡ್ರೆಸ್ ಒಯ್ದ. ಲೀಸ್, ಅಂದರೆ ಒಂದು ಅಡ್ರೆಸ್ ಇಟ್ಟುಕೊಳ್ಳುವ ಅವಧಿ, 24 ಗಂಟೆ ಇದ್ದರೆ ಅವು ಮರುದಿನದವರೆಗೂ ವಾಪಸ್ ಬರುವುದಿಲ್ಲ. 8,190 ಅಡ್ರೆಸ್ ಇರುವ ಜಾಲ ಕಟ್ಟಿ, ಲೀಸ್ ಒಂದೆರಡು ಗಂಟೆಗೆ ಇಳಿಸಿ.

ಇನ್ನೊಂದು ಕಾರಣ, ಹಂಚುವ ಪೆಟ್ಟಿಗೆಯೇ ಕೈಚೆಲ್ಲಿತ್ತು. ಸಣ್ಣ ರೂಟರುಗಳಲ್ಲಿ ಅಡ್ರೆಸ್ ಹಂಚಲು, ತಾಣದ ಹೆಸರಿಗೆ ಅದರ ಅಡ್ರೆಸ್ ಹುಡುಕಲು (ಇದೇ ಡಿಎನ್‌ಎಸ್) ಬಹಳ ಕಡೆ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಇರುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಅದು 1,000ಕ್ಕಿಂತ ಹೆಚ್ಚು ಲೀಸ್ ಕೊಡುವುದಿಲ್ಲ, ಒಂದು ಹೊತ್ತಿಗೆ 150ಕ್ಕಿಂತ ಹೆಚ್ಚು ಹೆಸರಿನ ವಿಚಾರಣೆಯನ್ನು ಮುಂದಕ್ಕೆ ಕಳಿಸುವುದಿಲ್ಲ. ಮನೆಗೆ ಧಾರಾಳ. ನಿಮ್ಮ ಹಾಲ್‌ಗೆ ಹತ್ತು ನಿಮಿಷ. ಎರಡನ್ನೂ ಎತ್ತಿ, ಇಲ್ಲವೇ ಈ ಕೆಲಸಕ್ಕೆ ಒಂದು ಬೇರೆ ಲಿನಕ್ಸ್ ಯಂತ್ರ ಇಡಿ.

ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವ ಆ ಹತ್ತು ಹದಿನೈದು ಸೆಕೆಂಡು ಹಾಲ್‌ನ ವಿದ್ಯುತ್ತಿನವರಿಗೆ ಏನೂ ಅಲ್ಲ. ನಿಮಗೆ ಅದು ಹತ್ತು ನಿಮಿಷ. ಸ್ವಿಚ್ (ಜಾಲದ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಆರಿತು, ಅದರಿಂದ ಕರೆಂಟ್ ಪಡೆಯುವ ಆಕ್ಸೆಸ್ ಪಾಯಿಂಟ್‌ಗಳೆಲ್ಲ ಆರಿದವು, ಮೇಲೇಳಲು ಕೆಲವು ನಿಮಿಷ, ರೇಡಾರ್ ಚಾನೆಲ್‌ನವು ಇನ್ನೂ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೂರಬೇಕು, ಆಮೇಲೆ ಎರಡು ಸಾವಿರ ಉಪಕರಣ ಒಂದೇ ಉಸಿರಿಗೆ ಅಡ್ರೆಸ್ ಕೇಳುತ್ತವೆ. ಸ್ವಿಚ್‌ಗಳಿಗೆ, ರೂಟರಿಗೆ ಯುಪಿಎಸ್ ಹಾಕಿ. ಇಡೀ ಹಾಲ್‌ಗೆ ಬೇಡ, ಇಷ್ಟಕ್ಕೆ ಸಾಕು. ಹಾಗೆಯೇ ಸ್ವಿಚ್ ಒಟ್ಟು ಎಷ್ಟು ವ್ಯಾಟ್ ಹಂಚಬಲ್ಲದು ಎಂದು ಅದರ ಬೆನ್ನಿನ ಚೀಟಿ ನೋಡಿ. 24 ಪೋರ್ಟ್ ಇದೆ ಎಂದರೆ 24 ಪೋರ್ಟಿಗೂ 30 ವ್ಯಾಟ್ ಕೊಡುತ್ತದೆ ಎಂದಲ್ಲ.

ಒಂದು ಹಳೆಯ ಕಥೆ ಹೇಳುತ್ತೇನೆ, ಇದು ನಿಮಗೂ ಬಂದೇ ಬರುತ್ತದೆ. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ಸಭಾಂಗಣದಲ್ಲಿ ನಾವು ಕೆಲವರು ಸೇರಿ ಜಾಲ ನೋಡಿಕೊಳ್ಳುತ್ತಿದ್ದೆವು. ಹನ್ನೊಂದು ಗಂಟೆ ಹೊತ್ತಿಗೆ ಕೆಲವರಿಗೆ ನೆಟ್ ಇದೆ, ಪಕ್ಕದವರಿಗೇ ಇಲ್ಲ. ಗಾಳಿ ನೋಡಿದರೆ ತಣ್ಣಗಿದೆ. ನೆಟ್ ಇಲ್ಲದ ಒಬ್ಬರ ಲ್ಯಾಪ್‌ಟಾಪ್ ತೆಗೆದುಕೊಂಡು ನೋಡಿದೆ: ಅಡ್ರೆಸ್ 192.168.0ರಿಂದ ಶುರು. ನಾವು ಕೊಡುತ್ತಿದ್ದದ್ದು 10ರಿಂದ ಶುರುವಾಗುವವು. ಅಂದರೆ ನಮ್ಮ ಮನೆಯಲ್ಲಿ ಬೇರೆ ಯಾರೋ ಊಟ ಬಡಿಸುತ್ತಿದ್ದಾರೆ. ಆ ಲ್ಯಾಪ್‌ಟಾಪಿನ ಗೇಟ್‌ವೇಯ, ಅಂದರೆ ಜಾಲದಿಂದ ಹೊರಗೆ ದಾರಿ ಕೊಡುವ ಪೆಟ್ಟಿಗೆಯ, ಮ್ಯಾಕ್ ಅಡ್ರೆಸ್ ತೆಗೆದೆ. ಮೊದಲ ಮೂರು ಜೋಡಿ ಅಂಕಿಗಳಿಂದ ಯಾವ ಕಂಪನಿಯದೆಂದು ಗೊತ್ತಾಗುತ್ತದೆ, ಮನೆಗೆ ಹಾಕುವ ಅಗ್ಗದ ರೂಟರ್. ಸ್ವಿಚ್‌ನಲ್ಲಿ ಆ ಮ್ಯಾಕ್ ಯಾವ ಪೋರ್ಟಿನಿಂದ ಬರುತ್ತಿದೆ ಎಂದು ಹುಡುಕಿ, ಆ ಕೇಬಲ್ ಹಿಡಿದುಕೊಂಡೇ ನಡೆದೆ. ಸಾಲಿನ ಕೊನೆಯ ಸ್ಟಾಲ್. ಬಿಳಿ ಮೇಜುಹಾಸು ಎತ್ತಿದರೆ ಕೆಳಗೆ ಪುಟ್ಟ ರೂಟರ್, ಅದರ ಮೇಲೊಂದು ಕುಡಿದಿಟ್ಟ ಕಾಫಿ ಲೋಟ. ನಮ್ಮ ಕೇಬಲನ್ನು ಇಂಟರ್ನೆಟ್ ಎಂದು ಬರೆದ ನೀಲಿ ತೂತಿಗೆ ಹಾಕುವ ಬದಲು ಹಳದಿ ತೂತಿಗೆ ಹಾಕಿದ್ದರು. ಆ ಹುಡುಗ, ‘ಸಾರ್, ನಮಗೆ ನೆಟ್ ಚೆನ್ನಾಗಿ ಬರ್ತಿದೆಯಲ್ಲ’ ಅಂದ. ಬಹಳ ವಿನಯದಿಂದಲೇ ಅಂದ. ಸ್ವಿಚ್‌ನಲ್ಲಿ ಬೇರೆಯವರು ಅಡ್ರೆಸ್ ಹಂಚದಂತೆ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಒಂದು ಸೆಟ್ಟಿಂಗ್ ಹಚ್ಚಿದ್ದರೆ ನಮ್ಮ ನಲವತ್ತು ನಿಮಿಷ ಉಳಿಯುತ್ತಿತ್ತು. ಹಚ್ಚಿರಲಿಲ್ಲ. ನೀವು ಹಚ್ಚಿ. ಜೊತೆಗೆ ವೈಫೈನಲ್ಲಿ ಉಪಕರಣಗಳು ಒಂದಕ್ಕೊಂದು ಮಾತಾಡದಂತೆ ತಡೆಯುವ ಐಸೋಲೇಷನ್ನನ್ನೂ ಹಚ್ಚಿ. ಪ್ರತಿ ಲ್ಯಾಪ್‌ಟಾಪು ಪ್ರಿಂಟರ್ ಎಲ್ಲಿ, ಟಿವಿ ಎಲ್ಲಿ ಎಂದು ಎಲ್ಲರನ್ನೂ ಕೂಗಿ ಕೇಳುತ್ತಿರುತ್ತದೆ, ಆ ಕೂಗೂ ಬೀಕನ್ನಿನ ಹಾಗೆ ನಿಧಾನದ ವೇಗದಲ್ಲೇ ಹೋಗುತ್ತದೆ.

ಸಮ್ಮೇಳನದ ದಿನ ಯಾರಾದರೂ ಓಡಿಬಂದು ‘ವೈಫೈ ಇಲ್ಲ’ ಅಂದಾಗ ಆಕ್ಸೆಸ್ ಪಾಯಿಂಟ್ ಆರಿಸಿ ಹಚ್ಚಬೇಡಿ. ಅದು ಸಾಕ್ಷ್ಯ ಅಳಿಸಿದಂತೆ. ಅವರ ಕೈಯಿಂದ ಉಪಕರಣ ಪಡೆದು ಕೆಳಗಿನಿಂದ ಮೇಲಕ್ಕೆ ನೋಡಿ. ವೈಫೈ ಹೆಸರು ಕಾಣುತ್ತದೆಯೇ, ಸೇರಿಕೊಂಡಿದೆಯೇ? ಸೇರಿದ್ದರೆ ಅಡ್ರೆಸ್ ಯಾವುದು, ನಿಮ್ಮದೇ ಅಥವಾ 169.254 ಅಥವಾ ಇನ್ಯಾರದೋ? ನಿಮ್ಮದೇ ಆಗಿದ್ದರೆ ಗೇಟ್‌ವೇಗೆ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ?’ ಎಂದು ಕೇಳಿ ಉತ್ತರಕ್ಕೆ ಎಷ್ಟು ಹೊತ್ತಾಯಿತು ನೋಡಿ. ಉತ್ತರ ಒಮ್ಮೆ 3, ಒಮ್ಮೆ 900 ಮಿಲಿಸೆಕೆಂಡು ಎಂದು ಕುಣಿಯುತ್ತಿದ್ದರೆ ತೊಂದರೆ ಗಾಳಿಯಲ್ಲಿದೆ, ಮುಂದೆ ಹೋಗಬೇಡಿ. ಅಲ್ಲಿಯವರೆಗೆ ಸರಿ ಇದ್ದು ಹೊರಗಿನ 8.8.8.8 (ಗೂಗಲ್‌ನ ಸರ್ವರ್) ಸಿಗದಿದ್ದರೆ ರೂಟರ್ ಅಥವಾ ಲೈನ್. ಅಂಕಿ ಸಿಕ್ಕಿ ಹೆಸರು ಸಿಗದಿದ್ದರೆ ಡಿಎನ್‌ಎಸ್. ಎಲ್ಲ ಸಿಕ್ಕಿ ಒಂದೇ ತಾಣ ಸಿಗದಿದ್ದರೆ ನಿಮ್ಮ ತಪ್ಪಲ್ಲ, ನೀರು ಕುಡಿದು ಕೂತುಕೊಳ್ಳಿ. ನಿಮ್ಮ ಮೇಜಿನ ಮೇಲೆ ಅದೇ ಜಾಲಕ್ಕೆ ಕೇಬಲ್‌ನಲ್ಲಿ ಕಟ್ಟಿದ ಒಂದು ಲ್ಯಾಪ್‌ಟಾಪ್ ಸದಾ ಇರಲಿ. ಕೇಬಲ್‌ನಲ್ಲಿ ಓಡುತ್ತದೆ, ಗಾಳಿಯಲ್ಲಿ ಇಲ್ಲ ಎಂದು ಹತ್ತು ಸೆಕೆಂಡಿನಲ್ಲಿ ಹೇಳಲು ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ಸ್ವಯಂಸೇವಕರಿಗೆ ಸ್ಪೀಡ್ ಟೆಸ್ಟ್ ನಿಷೇಧಿಸಿ. ನಿಜವಾಗಿ ಹೇಳುತ್ತಿದ್ದೇನೆ. ಹತ್ತು ಜನ ಹತ್ತು ಕಡೆ ನಿಂತು ಸ್ಪೀಡ್ ಟೆಸ್ಟ್ ಒತ್ತಿದರೆ ಗಾಳಿಯಲ್ಲಿ ಉಳಿದಿದ್ದ ಚೂರೂ ಅವರಿಗೇ. ಬದಲಿಗೆ ಪ್ರತಿ ಆಕ್ಸೆಸ್ ಪಾಯಿಂಟಿನ ಚಾನೆಲ್ ಬಳಕೆ ಶೇಕಡಾ ಎಷ್ಟು, ಎಷ್ಟು ಪ್ಯಾಕೆಟ್ ಮತ್ತೆ ಕಳಿಸಬೇಕಾಯಿತು, ಎಷ್ಟು ಉಪಕರಣ ಅಂಟಿಕೊಂಡಿವೆ, ಅಡ್ರೆಸ್ ಎಷ್ಟು ಉಳಿದಿವೆ, ಈ ನಾಲ್ಕು ಅಂಕಿ ಒಂದು ಪರದೆಯ ಮೇಲೆ ಓಡುತ್ತಿರಲಿ. ಉಪಕರಣ ಅಗ್ಗದ್ದಾಗಿದ್ದು ಇವನ್ನು ತೋರಿಸದಿದ್ದರೆ, ಲಿನಕ್ಸ್ ಲ್ಯಾಪ್‌ಟಾಪಿನ ‘ಐಡಬ್ಲ್ಯೂ’ ಆಜ್ಞೆಯಲ್ಲಿ ಸರ್ವೆ ಡಂಪ್ ಕೇಳಿದರೆ ಬಹಳಷ್ಟು ವೈಫೈ ಕಾರ್ಡ್‌ಗಳು ಚಾನೆಲ್ ಎಷ್ಟು ಹೊತ್ತು ಗಿಜಿಗುಟ್ಟುತ್ತಿತ್ತು ಎಂದು ಹೇಳುತ್ತವೆ. ನಾನು ಶೇ. 50 ದಾಟಿದರೆ ಎದ್ದು ನಿಲ್ಲುತ್ತೇನೆ, 70 ದಾಟಿದರೆ ಓಡುತ್ತೇನೆ.

ಕಾರ್ಯಾಗಾರಗಳಿವೆಯೇ? ಇದ್ದರೆ ನಡೆಸಿಕೊಡುವವರಿಗೆ ಇವತ್ತೇ ಫೋನ್ ಮಾಡಿ. ‘ಎಲ್ಲರೂ ಈಗ ಈ 2 ಜಿಬಿ ಫೈಲ್ ಇಳಿಸಿಕೊಳ್ಳಿ’ ಎಂದು 60 ಜನರ ಕೋಣೆಯಲ್ಲಿ ಒಬ್ಬರು ಹೇಳಿದರೆ 120 ಜಿಬಿ. ಒಂದು ಆಕ್ಸೆಸ್ ಪಾಯಿಂಟ್ ಚೆನ್ನಾಗಿ ನಡೆದು 100 ಎಂಬಿಪಿಎಸ್ ಕೊಟ್ಟರೂ 2 ಗಂಟೆ 40 ನಿಮಿಷ. ಕಾರ್ಯಾಗಾರದ ಅವಧಿಯೇ ಅದಕ್ಕಿಂತ ಕಡಿಮೆ. ಮನೆಯಲ್ಲೇ ಇಳಿಸಿಕೊಂಡು ಬರಲು ಮುಂಚೆ ಇಮೇಲ್ ಕಳಿಸಿ, ಬಾರದವರಿಗೆ ಹತ್ತು ಪೆನ್‌ಡ್ರೈವ್ ಸುತ್ತಾಡಿಸಿ. ಹಳೇ ಪದ್ಧತಿ, ಇಂದಿಗೂ ಅದನ್ನು ಮೀರಿಸಿದ್ದು ನಾನು ನೋಡಿಲ್ಲ.

2 ಜಿಬಿಪಿಎಸ್ ಲೈನಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಒಳ್ಳೆಯ ಸ್ವಿಚ್, ಎರಡು ಯುಪಿಎಸ್, ಬೇಕಾದಷ್ಟು ಕೇಬಲ್ ಬರುತ್ತದೆ. ಉಳಿದರೆ ಕೇಬಲ್ ಮೇಲೆ ಅಂಟಿಸುವ ದಪ್ಪ ಟೇಪ್ ತನ್ನಿ, ಎಷ್ಟಿದ್ದರೂ ಸಾಲುವುದಿಲ್ಲ. ಮೊದಲ ದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗಿನ ಚಾನೆಲ್ ಬಳಕೆಯ ಅಂಕಿಗಳನ್ನು ಬರೆದಿಟ್ಟುಕೊಂಡು ಸಂಜೆ ನನಗೆ ಕಳಿಸಿ. ಮರುದಿನಕ್ಕೆ ಯಾವ ಆಕ್ಸೆಸ್ ಪಾಯಿಂಟನ್ನು ಎಲ್ಲಿಗೆ ಸರಿಸಬೇಕು ಎಂದು ಆ ರಾತ್ರಿಯೇ ಕೂತು ನೋಡೋಣ.